ಕೊಮೊಡೊ ರಾಷ್ಟ್ರೀಯ ಉದ್ಯಾನದಲ್ಲಿ ಹಲವು ದಿನಗಳ ದೋಣಿ ಪ್ರವಾಸ: ಮೊದಲು ಯಾವುದು, ಆಮೇಲೆ ಯಾವುದು

ಇಂಡೊನೇಷ್ಯದ ಕೊಮೊಡೊ ದ್ವೀಪಗಳಿಗೆ ಹೋಗಿ ಬೇಸರದಿಂದ ಹಿಂದಿರುಗಿದವರ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅವರಲ್ಲಿ ಬಹುತೇಕರು ಕೆಲಸಗಳ ಕ್ರಮದಲ್ಲಿಯೇ ಎಡವಿರುವುದು ಕಾಣುತ್ತದೆ. ಅವರು ಚಂದದ ಚಿತ್ರ ನೋಡಿ ಮೊದಲು ದೋಣಿಯನ್ನು ಕಾದಿರಿಸುತ್ತಾರೆ, ಅದರ ದಿನಾಂಕಕ್ಕೆ ಹೊಂದುವಂತೆ ವಿಮಾನದ ಟಿಕೆಟ್ ಕೊಳ್ಳುತ್ತಾರೆ, ಋತು, ಸೆಳವು ಮತ್ತು ಶುಲ್ಕಗಳ ವಿಷಯವನ್ನು ಹೊರಡುವ ಹಿಂದಿನ ವಾರ ವಿಚಾರಿಸುತ್ತಾರೆ. ಅಷ್ಟರಲ್ಲಿ ಬದಲಾಯಿಸಲು ಏನೂ ಉಳಿದಿರುವುದಿಲ್ಲ. ಈ ಮಾರ್ಗದರ್ಶಿಯಲ್ಲಿ ದೋಣಿಯ ಆಯ್ಕೆ ನಾಲ್ಕನೆಯ ಹಂತಕ್ಕೆ ಬರುತ್ತದೆ. ಅದಕ್ಕೆ ಮುಂಚಿನ ಮೂರು ಹಂತಗಳು ಮುಗಿಯದೆ ಯಾರಿಗೂ ಮುಂಗಡ ಹಣ ಕಳುಹಿಸಬಾರದೆಂದು ಆಗ್ರಹದಿಂದ ಕೇಳಿಕೊಳ್ಳುತ್ತೇನೆ.

ಉದ್ಯಾನವು ಸುಂಬಾವಾ ಮತ್ತು ಫ್ಲೋರೆಸ್ ದ್ವೀಪಗಳ ನಡುವಿನ ಸಮುದ್ರದಲ್ಲಿದೆ. ಕೊಮೊಡೊ, ರಿಂಚಾ ಮತ್ತು ಪಾದಾರ್ ಅದರ ಮೂರು ದೊಡ್ಡ ದ್ವೀಪಗಳು. ಹೆಚ್ಚಿನ ದೋಣಿಗಳು ಫ್ಲೋರೆಸ್‌ನ ಪಶ್ಚಿಮ ತುದಿಯಲ್ಲಿರುವ ಲಬುವಾನ್ ಬಾಜೊ ಪಟ್ಟಣದಿಂದ ಹೊರಡುತ್ತವೆ. ಬಾಲಿಯ ಡೆನ್‌ಪಸಾರ್‌ನಿಂದ ಅಲ್ಲಿಗೆ ವಿಮಾನದಲ್ಲಿ ಸುಮಾರು ಒಂದು ಗಂಟೆಯ ದಾರಿ.

ಹಂತ 1: ತಿಂಗಳನ್ನೂ ತಿಥಿಯನ್ನೂ ನಿಶ್ಚಯಿಸಿ

ಸಾಮಾನ್ಯವಾಗಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಒಣ ಹವೆಯಿದ್ದು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಬರುತ್ತದೆ. ಜನವರಿ ಮತ್ತು ಫೆಬ್ರವರಿಯಲ್ಲಿ ಗಾಳಿ ಮತ್ತು ಅಲೆಗಳ ಅಬ್ಬರ ಹೆಚ್ಚು. ಆಗ ಬಂದರು ಅಧಿಕಾರಿಗಳು ಪ್ರವಾಸಿ ದೋಣಿಗಳ ಸಂಚಾರವನ್ನು ದಿನಗಟ್ಟಲೆ ನಿಲ್ಲಿಸುವುದುಂಟು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಗುಡ್ಡಗಳು ಹಸಿರಾಗಿರುತ್ತವೆ, ಜನದಟ್ಟಣೆಯೂ ಕಡಿಮೆ. ಜುಲೈ ಮತ್ತು ಆಗಸ್ಟ್‌ನಲ್ಲಿ ಆಕಾಶ ನಿರ್ಮಲವಾಗಿದ್ದರೂ ಜನರ ಗದ್ದಲ ಹೆಚ್ಚು. ಜೊತೆಗೆ ಅದು ಕೊಮೊಡೊ ಉಡಗಳು ಕೂಡುವ ಕಾಲವಾದ್ದರಿಂದ ಅವು ಪೊದೆಗಳೊಳಗೆ ಸೇರಿಕೊಂಡು ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ. ಮಾಂಟಾ ಎಂಬ ದೈತ್ಯ ತೊರಕೆ ಮೀನುಗಳು ವರ್ಷವಿಡೀ ಇರುತ್ತವೆ. ಎಲ್ಲವನ್ನೂ ತೂಗಿ ನೋಡಿದರೆ, ಮೊದಲ ಸಲ ಹೋಗುವವರಿಗೆ ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗಿನ ಅವಧಿಯೇ ಉತ್ತಮವೆಂಬುದು ನನ್ನ ಅಭಿಪ್ರಾಯ.

ತಿಂಗಳ ಜೊತೆಗೆ ಚಂದ್ರನ ಸ್ಥಿತಿಯನ್ನೂ ನೋಡಬೇಕು. ಇದನ್ನು ಮಾಡುವವರು ಬಹಳ ಕಡಿಮೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಮತ್ತು ಇಳಿತದ ನಡುವಿನ ಅಂತರ ಹೆಚ್ಚಾಗುವುದರಿಂದ ದ್ವೀಪಗಳ ನಡುವಿನ ಸೆಳವೂ ಬಿರುಸಾಗಿರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಅದು ತಕ್ಕಮಟ್ಟಿಗೆ ತಗ್ಗುತ್ತದೆ. ಈಜಿನಲ್ಲಿ ಪಳಗದವರು ಪ್ರಯಾಣದ ದಿನಗಳನ್ನು ಅಷ್ಟಮಿಯಿಂದ ಮುಂದಿನ ಎರಡು ಮೂರು ದಿನಗಳಿಗೆ ಹೊಂದಿಸಿಕೊಂಡರೆ ನೀರಿನಲ್ಲಿ ಕಳೆಯುವ ಸಮಯ ಬಹಳ ಹಗುರವಾಗುತ್ತದೆ.

ಹಂತ 2: ಎಷ್ಟು ದಿನ, ಯಾವ ಬಂದರಿನಿಂದ

ಲಬುವಾನ್ ಬಾಜೊದಿಂದ ಹೊರಟು ಅಲ್ಲಿಗೇ ಮರಳುವ ಮೂರು ಹಗಲು, ಎರಡು ರಾತ್ರಿಗಳ ಪ್ರವಾಸವೇ ಹೆಚ್ಚು ಪ್ರಚಲಿತ. ಮುಖ್ಯ ಸ್ಥಳಗಳನ್ನು ಅವಸರವಿಲ್ಲದೆ ನೋಡಲು ಅಷ್ಟು ಸಾಕು. ಎರಡು ಹಗಲು, ಒಂದು ರಾತ್ರಿಯ ಪ್ರವಾಸದಲ್ಲಿ ಅರ್ಧ ಸಮಯ ದೋಣಿಯ ಓಡಾಟದಲ್ಲಿಯೇ ಕಳೆದುಹೋಗುತ್ತದೆ. ಡೈವಿಂಗ್, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವುದನ್ನು, ಮಾಡುವವರು ನಾಲ್ಕು ದಿನ ಅಥವಾ ಅದಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ಒಳ್ಳೆಯದು.

ಲೊಂಬೊಕ್ ದ್ವೀಪದಿಂದ ಹೊರಟು ನಾಲ್ಕನೆಯ ದಿನ ಲಬುವಾನ್ ಬಾಜೊ ತಲುಪುವ ಪ್ರವಾಸಗಳೂ ಇವೆ. ಬೆಲೆಯಲ್ಲಿ ಅಗ್ಗವಾದ್ದರಿಂದ ಹಲವರು ಅದನ್ನೇ ಆರಿಸುತ್ತಾರೆ. ಆದರೆ ಅದರಲ್ಲಿ ಸುಂಬಾವಾದ ಉತ್ತರಕ್ಕೆ ತೆರೆದ ಸಮುದ್ರದಲ್ಲಿ ರಾತ್ರಿಯಿಡೀ ಸಾಗಬೇಕಾಗುತ್ತದೆ, ಅನೇಕ ದೋಣಿಗಳಲ್ಲಿ ಡೆಕ್‌ನ ಮೇಲೆ ಸಾಲಾಗಿ ಮಲಗಬೇಕಾಗುತ್ತದೆ, ಉದ್ಯಾನದೊಳಗೆ ಸಿಗುವ ಕಾಲವೂ ಕಡಿಮೆ. ಮಕ್ಕಳು, ವಯಸ್ಸಾದವರು ಮತ್ತು ಸಮುದ್ರದ ಓಲಾಟ ತಡೆಯದವರು ಈ ಮಾರ್ಗವನ್ನು ಬಿಡುವುದೇ ಲೇಸು.

ಹಂತ 3: ನೋಡಬೇಕಾದ ಸ್ಥಳಗಳನ್ನು ನೀವೇ ಪಟ್ಟಿ ಮಾಡಿ

ದೋಣಿಯವರು ಕೊಡುವ ಕಾರ್ಯಕ್ರಮವನ್ನು ಓದುವ ಮೊದಲೇ ನಿಮ್ಮ ಪಟ್ಟಿ ಸಿದ್ಧವಿರಬೇಕು. ಉಡಗಳನ್ನು ನೋಡಲು ಎರಡು ಮುಖ್ಯ ಸ್ಥಳಗಳಿವೆ: ರಿಂಚಾ ದ್ವೀಪದ ಲೋಹ್ ಬುವಾಯ ಮತ್ತು ಕೊಮೊಡೊ ದ್ವೀಪದ ಲೋಹ್ ಲಿಯಾಂಗ್. ರಿಂಚಾದಲ್ಲಿ ನೆಲದಿಂದ ಎತ್ತರಿಸಿ ಕಟ್ಟಿದ ನಡೆದಾರಿ ಇರುವುದರಿಂದ ನಡೆಯಲು ಕಷ್ಟಪಡುವವರಿಗೆ ಅನುಕೂಲ. ಕಾಡಿನ ನಡುವೆ ನಡೆಯುವ ಅನುಭವ ಬೇಕಾದವರಿಗೆ ಕೊಮೊಡೊ ದ್ವೀಪದ ಕಾಲುದಾರಿಗಳು ಹೆಚ್ಚು ತೃಪ್ತಿ ಕೊಡುತ್ತವೆ.

ಪಾದಾರ್ ದ್ವೀಪದ ಶಿಖರದಿಂದ ಕಾಣುವ ಕೊಲ್ಲಿಗಳ ನೋಟ ಪ್ರಸಿದ್ಧವಾಗಿದೆ. ಮೆಟ್ಟಿಲುಗಳಿದ್ದರೂ ಏರು ಕಡಿದಾಗಿದೆ, ನೆರಳೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಬೆಳಗಿನ ಜಾವದಲ್ಲಿಯೇ ಹತ್ತಬೇಕು. ಸಂಜೆಯ ಹೊತ್ತಿಗೆ ಕಾಲೊಂಗ್ ದ್ವೀಪದ ಬಳಿ ಲಂಗರು ಹಾಕಿದರೆ ಕಾಂಡ್ಲಾ ಕಾಡಿನಿಂದ ಸಾವಿರಾರು ದೊಡ್ಡ ಬಾವಲಿಗಳು ಹಾರಿಹೋಗುವುದನ್ನು ಡೆಕ್‌ನಿಂದಲೇ ನೋಡಬಹುದು. ಮಾಂಟಾಗಳಿಗೆ ಕರಾಂಗ್ ಮಕಾಸ್ಸಾರ್ ಎಂಬ ಸ್ಥಳವಿದೆ. ಸ್ನಾರ್ಕೆಲಿಂಗ್, ಅಂದರೆ ಮಾಸ್ಕ್ ತೊಟ್ಟು ಕೊಳವೆಯಿಂದ ಉಸಿರಾಡುತ್ತ ನೀರಿನ ಮೇಲ್ಮೈಯಲ್ಲಿ ತೇಲುವುದನ್ನು, ಹೊಸದಾಗಿ ಕಲಿಯುವವರಿಗೆ ಕನಾವಾ, ಮಂಜಾರಿಟೆ ಮತ್ತು ಸಿಯಾಬಾ ಬಳಿಯ ಶಾಂತ ನೀರು ಸರಿಹೋಗುತ್ತದೆ. ಬಾಟು ಬೊಲೊಂಗ್, ಕ್ಯಾಸಲ್ ರಾಕ್, ಕ್ರಿಸ್ಟಲ್ ರಾಕ್ ಮುಂತಾದವು ಅನುಭವಿ ಡೈವರ್‌ಗಳ ಸ್ಥಳಗಳು. ನಿಮ್ಮ ಗುಂಪಿನಲ್ಲಿ ಈಜು ಬಾರದವರಿದ್ದರೆ ಆ ಹೆಸರುಗಳು ಕಾರ್ಯಕ್ರಮದಲ್ಲಿ ಇವೆಯೆಂದು ಸಂತೋಷಪಡಬೇಡಿ.

ದಿನಕ್ಕೆ ಮೂರು ಸ್ಥಳಗಳಿಗಿಂತ ಹೆಚ್ಚು ಬರೆದಿರುವ ಕಾರ್ಯಕ್ರಮವನ್ನು ಅನುಮಾನದಿಂದ ನೋಡಿ. ಅಂಥ ದಿನದಲ್ಲಿ ಪ್ರತಿ ಸ್ಥಳದಲ್ಲಿಯೂ ಫೋಟೊ ತೆಗೆಯುವಷ್ಟೇ ಹೊತ್ತು ಸಿಗುತ್ತದೆ.

ಹಂತ 4: ಈಗ ದೋಣಿಯನ್ನು ಆರಿಸಿ

ಪಿನಿಸಿ ಎಂಬ ಮರದ ದೋಣಿಗಳೇ ಇಲ್ಲಿ ಹೆಚ್ಚು. ಅಪರಿಚಿತರೊಡನೆ ಹಂಚಿಕೊಳ್ಳುವ ಪ್ರವಾಸಕ್ಕೆ ಅಲ್ಲಿ ‘ಓಪನ್ ಟ್ರಿಪ್’ ಎನ್ನುತ್ತಾರೆ. ಕುಟುಂಬ ಅಥವಾ ಗೆಳೆಯರ ಗುಂಪಿಗೆ ಇಡೀ ದೋಣಿಯನ್ನೇ ಬಾಡಿಗೆಗೆ ಪಡೆಯುವ ವ್ಯವಸ್ಥೆಯೂ ಇದೆ. ಆರು ಎಂಟು ಜನರಿದ್ದರೆ ಎರಡರ ಖರ್ಚನ್ನೂ ಹೋಲಿಸಿ ನೋಡಿ. ಪೂರ್ತಿ ಬಾಡಿಗೆಯ ದೋಣಿಯಲ್ಲಿ ನೀವು ಕ್ಯಾಪ್ಟನ್‌ನೊಡನೆ ಮಾತಾಡಿ, ಭರತ ಮತ್ತು ಇಳಿತಕ್ಕೆ ತಕ್ಕಂತೆ ಸ್ಥಳಗಳ ಕ್ರಮವನ್ನು ಬದಲಾಯಿಸಿಕೊಳ್ಳಬಹುದು. ಇದು ಕೋಣೆಯ ಅಲಂಕಾರಕ್ಕಿಂತ ಎಷ್ಟೋ ಬೆಲೆಬಾಳುವ ಸೌಲಭ್ಯ.

ಈ ನೀರಿನಲ್ಲಿ ಪ್ರವಾಸಿ ದೋಣಿಗಳು ಮುಳುಗಿದ, ಸುಟ್ಟುಹೋದ ಪ್ರಸಂಗಗಳು ಮತ್ತೆ ಮತ್ತೆ ನಡೆದಿವೆ. ಆದ್ದರಿಂದ ಹಣ ಕೊಡುವ ಮೊದಲು ಕೆಳಗಿನವನ್ನು ಬರಹದಲ್ಲಿಯೇ ಕೇಳಿ ಉತ್ತರ ಪಡೆಯಿರಿ:

- ಪ್ರಯಾಣಿಕರೂ ಸಿಬ್ಬಂದಿಯೂ ಸೇರಿ ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ಮಕ್ಕಳ ಅಳತೆಯವು ಬೇರೆಯಾಗಿ ಇವೆಯೇ?
- ಲೈಫ್ ರಾಫ್ಟ್, ಕೆಲಸ ಮಾಡುವ ರೇಡಿಯೊ, ಎಂಜಿನ್ ಕೋಣೆಯ ಹತ್ತಿರ ಅಗ್ನಿಶಾಮಕ ಸಿಲಿಂಡರ್ ಇವೆಯೇ?
- ಎಂಜಿನ್ ಇರುವ ಸಣ್ಣ ದೋಣಿ ಜೊತೆಗೆ ಬರುತ್ತದೆಯೇ?
- ರಾತ್ರಿ ಎಲ್ಲರೂ ಮಲಗಿದಾಗ ಎಚ್ಚರವಾಗಿ ಕಾವಲಿರುವವರು ಯಾರು?
- ಬಂದರು ಅಧಿಕಾರಿಗಳ ನೌಕಾಯಾನ ಅನುಮತಿ ಪತ್ರ, ಅಂದರೆ ಅಲ್ಲಿನವರು ಎಸ್‌ಪಿಬಿ ಎಂದು ಕರೆಯುವ ಕಾಗದ, ಪ್ರತಿ ಪ್ರಯಾಣಕ್ಕೂ ಪಡೆಯಲಾಗುತ್ತದೆಯೇ, ಪ್ರಯಾಣಿಕರ ಪಟ್ಟಿಯಲ್ಲಿ ನಮ್ಮ ಹೆಸರುಗಳು ಇರುತ್ತವೆಯೇ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಪಟ್ಟಿಯಲ್ಲಿ ಹೆಸರಿಲ್ಲದವರು ಅವಘಡ ನಡೆದಾಗ ಹುಡುಕುವವರ ಲೆಕ್ಕಕ್ಕೆ ಸಿಗುವುದಿಲ್ಲ, ವಿಮೆ ಕೇಳುವಾಗಲೂ ತೊಂದರೆಯಾಗುತ್ತದೆ.

ಕೋಣೆಯ ವಿಷಯದಲ್ಲಿ, ಕೆಳ ಅಂತಸ್ತಿನ ಕೋಣೆಗಳು ಕಡಿಮೆ ಓಲಾಡುತ್ತವೆ. ಆದರೆ ಅವುಗಳಿಂದ ಹೊರಬರುವ ದಾರಿ ಹಲವು ದೋಣಿಗಳಲ್ಲಿ ಒಂದೇ ಇರುತ್ತದೆ. ಇಕ್ಕಟ್ಟಾದ ಒಂದೇ ಏಣಿಯನ್ನು ಅವಲಂಬಿಸಿರುವ ಕೋಣೆಗಿಂತ ಮೇಲಿನ ಡೆಕ್‌ಗೆ ನೇರವಾಗಿ ಬಾಗಿಲು ತೆರೆಯುವ ಕೋಣೆಯನ್ನೇ ನಾನು ಆರಿಸುತ್ತೇನೆ. ಓಲಾಟಕ್ಕೆ ಮಾತ್ರೆ ಇದೆ.

ಎಚ್ಚರಿಕೆಯ ಸೂಚನೆಗಳು: ಮಾಂಟಾ ನೋಡಿಸುವುದು ಖಚಿತವೆಂದು ಭರವಸೆ ಕೊಡುವವರು, ಉದ್ಯಾನದ ಕಾವಲುಗಾರರಾದ ರೇಂಜರ್ ಬೇಕಿಲ್ಲವೆನ್ನುವವರು, ಪೂರ್ತಿ ಹಣವನ್ನು ವೈಯಕ್ತಿಕ ಖಾತೆಗೆ ಮೊದಲೇ ಹಾಕಿಸಿಕೊಳ್ಳುವವರು, ಅಥವಾ ‘ಅದೇ ದರ್ಜೆಯ ಬೇರೆ ದೋಣಿ’ ಕೊಡುವ ಹಕ್ಕನ್ನು ಒಪ್ಪಂದದಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದುಕೊಂಡವರು. ದೋಣಿಯ ಹೆಸರನ್ನು ರಸೀದಿಯಲ್ಲಿಯೇ ಬರೆಸಿಕೊಳ್ಳಿ. ಬಂದರಿನಲ್ಲಿ ಬೇರೆ ದೋಣಿ ಕಂಡರೆ, ಹತ್ತುವ ಮೊದಲೇ ಪ್ರಶ್ನಿಸಿ.

ಹಂತ 5: ಬೆಲೆಯಲ್ಲಿ ಏನು ಸೇರಿದೆ, ಏನು ಸೇರಿಲ್ಲ

ಬಂದರಿನಲ್ಲಿ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಉದ್ಯಾನದ ಶುಲ್ಕದ ಕುರಿತಾಗಿಯೇ ಇರುತ್ತವೆ. ದೋಣಿಯ ಬೆಲೆಯಲ್ಲಿ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ. ವಿದೇಶಿಯರಿಗೆ ದರ ಹೆಚ್ಚು. ಪ್ರವೇಶದ ಜೊತೆಗೆ ರೇಂಜರ್ ಸೇವೆ ಮತ್ತು ನೀರಿನ ಚಟುವಟಿಕೆಗಳಿಗೆ ಬೇರೆ ಹಣ ತೆರಬೇಕಾಗಬಹುದು. ದರಗಳೂ ಪ್ರವೇಶದ ನಿಯಮಗಳೂ ಆಗಾಗ ಬದಲಾಗುತ್ತವೆ, ಆದ್ದರಿಂದ ಹಳೆಯ ಲೇಖನಗಳಲ್ಲಿ ಬರೆದ ಮೊತ್ತವನ್ನು ನಂಬಿ ಲೆಕ್ಕ ಹಾಕಬೇಡಿ. ನಿಮ್ಮ ದಿನಾಂಕಕ್ಕೆ, ನಿಮ್ಮ ಸ್ಥಳಗಳ ಪಟ್ಟಿಗೆ, ಒಬ್ಬರಿಗೆ ಒಟ್ಟು ಎಷ್ಟು ಶುಲ್ಕವಾಗುತ್ತದೆಂದು ಇಂಡೊನೇಷ್ಯದ ಹಣವಾದ ರುಪಿಯಾದಲ್ಲಿ ಬರೆದುಕೊಡುವಂತೆ ದೋಣಿಯವರನ್ನೇ ಕೇಳಿ.

ಎರಡನೆಯದಾಗಿ, ಹವಾಮಾನದ ಕಾರಣ ಬಂದರು ಮುಚ್ಚಿದರೆ ಹಣ ಮರಳುತ್ತದೆಯೇ, ದಿನ ಮುಂದೂಡುತ್ತಾರೆಯೇ ಎಂಬುದು ಒಪ್ಪಂದದಲ್ಲಿ ಇರಬೇಕು. ದೋಣಿಯಲ್ಲಿ ಎಟಿಎಂ ಇಲ್ಲವಾದ್ದರಿಂದ ಶುಲ್ಕಕ್ಕೆ, ಸಿಬ್ಬಂದಿಯ ಭಕ್ಷೀಸಿಗೆ ಮತ್ತು ಸಣ್ಣಪುಟ್ಟ ಖರ್ಚಿಗೆ ಬೇಕಾದ ನಗದನ್ನು ಲಬುವಾನ್ ಬಾಜೊದಲ್ಲಿಯೇ ತೆಗೆದಿಟ್ಟುಕೊಳ್ಳಿ.

ಸಸ್ಯಾಹಾರಿಗಳು ಇದೇ ಹಂತದಲ್ಲಿ ಅಡುಗೆಯ ಮಾತು ಮುಗಿಸಬೇಕು. ‘ಸಸ್ಯಾಹಾರ’ ಎಂದಷ್ಟೇ ಹೇಳಿದರೆ ತರಕಾರಿಯ ಜೊತೆಗೆ ‘ತೆರಾಸಿ’ ಎಂಬ ಹುದುಗಿಸಿದ ಸಿಗಡಿಯ ಪೇಸ್ಟ್ ಬಂದೇ ಬರುತ್ತದೆ, ಏಕೆಂದರೆ ಅಲ್ಲಿಯ ಚಟ್ನಿಗಳಿಗೆ ಅದೇ ರುಚಿಯ ಮೂಲ. ಮೀನು, ಮಾಂಸ, ಮೊಟ್ಟೆ, ತೆರಾಸಿ ಯಾವುದೂ ಬೇಡವೆಂದು ಒಂದೊಂದಾಗಿ ಹೆಸರಿಸಿ ಬರೆಯಿರಿ, ತಾಹು ಮತ್ತು ತೆಂಪೆ ಎಂಬ ಸೋಯಾ ಪದಾರ್ಥಗಳನ್ನು ಹೆಚ್ಚು ತರುವಂತೆ ಕೇಳಿ. ದೋಣಿ ಹೊರಟ ಮೇಲೆ ಅಂಗಡಿಯಿಲ್ಲ.

ಹಂತ 6: ವಿಮಾನ ಮತ್ತು ಕಾಗದಪತ್ರ

ವಿಮಾನದ ಟಿಕೆಟ್ ಈಗ ಕೊಳ್ಳಬಹುದು. ದೋಣಿ ಹೊರಡುವ ಹಿಂದಿನ ದಿನವೇ ಲಬುವಾನ್ ಬಾಜೊ ತಲುಪಿ, ದೋಣಿ ಮರಳಿದ ಮರುದಿನವೇ ಅಲ್ಲಿಂದ ಹೊರಡಿ. ಮರಳುವ ದಿನ ಸಂಜೆಯೇ ಬಾಲಿಯಿಂದ ಅಂತರರಾಷ್ಟ್ರೀಯ ವಿಮಾನ ಹಿಡಿಯುವ ಯೋಜನೆ ಕೆಟ್ಟ ಹವೆಯ ಒಂದೇ ದಿನದಲ್ಲಿ ಕುಸಿದು ಬೀಳುತ್ತದೆ. ಡೈವಿಂಗ್ ಮಾಡುವವರಿಗಂತೂ ಇದು ಆರೋಗ್ಯದ ಪ್ರಶ್ನೆ: ಹಲವು ದಿನ ನೀರಿಗಿಳಿದವರು ಕೊನೆಯ ಡೈವ್‌ನ ನಂತರ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು.

ಭಾರತದ ಪಾಸ್‌ಪೋರ್ಟ್ ಹೊಂದಿದವರಿಗೆ 30 ದಿನಗಳ ಆಗಮನ ವೀಸಾ ದೊರೆಯುತ್ತದೆ, ಆನ್‌ಲೈನ್‌ನಲ್ಲಿ ಮೊದಲೇ ಪಡೆಯಲೂಬಹುದು. ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಪ್ರವಾಸ ವಿಮೆಯಲ್ಲಿ ಸ್ನಾರ್ಕೆಲಿಂಗ್, ಡೈವಿಂಗ್ ಮತ್ತು ತುರ್ತು ಸ್ಥಳಾಂತರದ ವೆಚ್ಚ ಸೇರಿದೆಯೇ ಎಂದು ಓದಿ ನೋಡಿ. ಫ್ಲೋರೆಸ್ ಭಾಗದಲ್ಲಿ ಮಲೇರಿಯಾ ಇರುವುದರಿಂದ ಹೊರಡುವ ಮೊದಲು ವೈದ್ಯರ ಸಲಹೆ ಪಡೆಯಿರಿ.

ಹಂತ 7: ಚೀಲ

ಗಟ್ಟಿ ಪೆಟ್ಟಿಗೆ ಬೇಡ, ಮಡಚಿ ಇಡಬಹುದಾದ ಬಟ್ಟೆಯ ಚೀಲ ಸಾಕು. ನೀರು ಒಳಹೋಗದ ಒಂದು ಚೀಲ, ಹಿಡಿತವಿರುವ ಬೂಟು, ತಲೆಗೆ ಕಟ್ಟುವ ಟಾರ್ಚ್, ತೋಳು ಪೂರ್ತಿ ಮುಚ್ಚುವ ಈಜು ಅಂಗಿ, ಸತು ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಓಲಾಟದ ಮಾತ್ರೆ, ಸೀಟಿ ಮತ್ತು ದುಂಡು ಕಡ್ಡಿಯ ಎರಡು ಪಿನ್ ಸಾಕೆಟ್‌ಗೆ ಹೊಂದುವ ಅಡಾಪ್ಟರ್ ಇಟ್ಟುಕೊಳ್ಳಿ. ಮುಖಕ್ಕೆ ಸರಿಯಾಗಿ ಕೂರುವ ಸ್ವಂತ ಸ್ನಾರ್ಕೆಲಿಂಗ್ ಮಾಸ್ಕ್ ಒಯ್ಯುವುದು ತುಂಬ ಉಪಯುಕ್ತ. ದೋಣಿಯಲ್ಲಿ ಕೊಡುವ ಮಾಸ್ಕ್‌ನೊಳಗೆ ನೀರು ನುಗ್ಗಿ ಗಾಬರಿಯಾಗಿಯೇ ಹಲವರು ಅರ್ಧದಲ್ಲಿ ಮೇಲೆ ಬರುತ್ತಾರೆ. ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಹಂತ 8: ದೋಣಿ ಹತ್ತಿದ ಮೊದಲ ಗಂಟೆ

ಹತ್ತಿದ ಕೂಡಲೇ ಫೋಟೊ ತೆಗೆಯುವ ಮೊದಲು ನಾಲ್ಕು ಕೆಲಸ ಮಾಡಿ. ನಿಮ್ಮ ಲೈಫ್ ಜಾಕೆಟ್ ಎಲ್ಲಿದೆಯೆಂದು ಕಂಡುಹಿಡಿದು ಒಮ್ಮೆ ತೊಟ್ಟು ನೋಡಿ. ಕೋಣೆಯಿಂದ ಡೆಕ್‌ಗೆ ಕಣ್ಣು ಮುಚ್ಚಿಕೊಂಡು ಹೋಗಲು ಸಾಧ್ಯವೇ ಎಂದು ನಡೆದು ನೋಡಿ. ರಾತ್ರಿ ಎಲ್ಲಿ ಲಂಗರು ಹಾಕುತ್ತಾರೆಂದು ಕ್ಯಾಪ್ಟನ್‌ನನ್ನು ಕೇಳಿ. ಪಾಸ್‌ಪೋರ್ಟ್, ಫೋನ್ ಮತ್ತು ಟಾರ್ಚನ್ನು ನೀರು ಹೋಗದ ಚೀಲದಲ್ಲಿಟ್ಟು ಹಾಸಿಗೆಯ ಪಕ್ಕದಲ್ಲಿಯೇ ಇರಿಸಿ.

ಹವಾಮಾನದ ಸೂಚನೆಗಳನ್ನು ಇಂಡೊನೇಷ್ಯದ ಬಿಎಂಕೆಜಿ ಸಂಸ್ಥೆ ಪ್ರಕಟಿಸುತ್ತದೆ, ಶೋಧ ಮತ್ತು ರಕ್ಷಣಾ ಸಂಸ್ಥೆಯ ತುರ್ತು ಸಂಖ್ಯೆ 115. ದ್ವೀಪಗಳ ಮರೆಯಲ್ಲಿ ಫೋನ್ ಸಂಕೇತ ಸಿಗದ ಸ್ಥಳಗಳು ಬಹಳ, ಆದ್ದರಿಂದ ದೋಣಿಯ ರೇಡಿಯೊ ಕೆಲಸ ಮಾಡುತ್ತಿದೆಯೇ ಎಂಬುದೇ ಮುಖ್ಯ ಪ್ರಶ್ನೆ. ಓಲಾಟದ ಮಾತ್ರೆಯನ್ನು ವಾಕರಿಕೆ ಬಂದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ದೋಣಿ ಹೊರಡುವ ಗಂಟೆಯ ಮುಂಚೆಯೇ ತೆಗೆದುಕೊಳ್ಳಿ.

ಹಂತ 9: ಉಡಗಳ ನೆಲದಲ್ಲಿ

ಕೊಮೊಡೊ ಉಡ ಸುಮಾರು 3 ಮೀಟರ್‌ವರೆಗೆ ಬೆಳೆಯುತ್ತದೆ, ಸಣ್ಣ ದೂರವನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಅದರ ಕಡಿತದಲ್ಲಿ ವಿಷವಿದೆ. ಬಿಸಿಲಿನಲ್ಲಿ ಮರದ ದಿಮ್ಮಿಯಂತೆ ಬಿದ್ದುಕೊಂಡಿರುವುದನ್ನು ನೋಡಿ ಜನ ಅದನ್ನು ಸೋಮಾರಿಯೆಂದು ತಿಳಿಯುತ್ತಾರೆ. ತಪ್ಪುಗಳಿಗೆ ಅದೇ ಮೂಲ. ಅದು ಮೈ ಕಾಯಿಸಿಕೊಳ್ಳುತ್ತಿರುವ ಬೇಟೆಗಾರ ಪ್ರಾಣಿ.

ಕವಲುಕೋಲು ಹಿಡಿದ ರೇಂಜರ್ ಇಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದು. 2017ರಲ್ಲಿ ಕೊಮೊಡೊ ದ್ವೀಪದ ಹಳ್ಳಿಯೊಂದರ ಬಳಿ ರೇಂಜರ್ ಇಲ್ಲದೆ ಉಡಗಳು ತಿನ್ನುವುದನ್ನು ಹತ್ತಿರದಿಂದ ಚಿತ್ರಿಸಲು ಹೋದ ಸಿಂಗಪುರದ ಪ್ರವಾಸಿಯೊಬ್ಬರು ಕಾಲಿಗೆ ಕಚ್ಚಿಸಿಕೊಂಡರು. ಮೈಮೇಲೆ ರಕ್ತ ಒಸರುವ ಗಾಯವಿದ್ದರೆ, ಅಥವಾ ಮಹಿಳೆಯರು ಮುಟ್ಟಿನ ದಿನಗಳಲ್ಲಿದ್ದರೆ, ನಡಿಗೆ ಆರಂಭವಾಗುವ ಮೊದಲೇ ರೇಂಜರ್‌ಗೆ ತಿಳಿಸಿ. ಉಡಗಳು ವಾಸನೆಯನ್ನು ಬಹಳ ದೂರದಿಂದ ಹಿಡಿಯುತ್ತವೆಯಾದ್ದರಿಂದ ಅವರು ಇದನ್ನು ಕೇಳುತ್ತಾರೆ, ಇದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ. ಗುಂಪಿನ ನಡುವೆ ನಡೆಯುವಂತೆ ಅವರೇ ವ್ಯವಸ್ಥೆ ಮಾಡುತ್ತಾರೆ.

ಚೀಲದಲ್ಲಿ ತಿನಿಸು ಇಟ್ಟುಕೊಳ್ಳಬೇಡಿ, ಕೈಯಲ್ಲಿ ಏನನ್ನೂ ಜೋತಾಡಿಸಬೇಡಿ, ಫೋಟೊಗಾಗಿ ಕುಕ್ಕರಗಾಲಿನಲ್ಲಿ ಕೂರಬೇಡಿ, ಮಕ್ಕಳ ಕೈ ಬಿಡಬೇಡಿ. ಉಡ ನಾಲಿಗೆ ಚಾಚುವುದು ಸಹಜ, ವಾಸನೆ ನೋಡಲು ಅದು ಸದಾ ಹಾಗೆಯೇ ಮಾಡುತ್ತದೆ. ಆದರೆ ಗಂಟಲು ಉಬ್ಬಿಸಿ ಬುಸುಗುಟ್ಟಿದರೆ, ಬಾಲವನ್ನು ಪಕ್ಕಕ್ಕೆ ಬಾಗಿಸಿ ಮೈಯನ್ನು ನೆಲದಿಂದ ಎತ್ತಿದರೆ ಅದು ಎಚ್ಚರಿಕೆ. ಆಗ ಓಡದೆ, ಉಡಕ್ಕೆ ಬೆನ್ನು ತೋರಿಸದೆ, ನಿಧಾನವಾಗಿ ರೇಂಜರ್‌ನ ಹಿಂದಕ್ಕೆ ಸರಿಯಿರಿ. ಸೆಪ್ಟೆಂಬರ್‌ನಿಂದ ಮುಂದೆ ಹೆಣ್ಣುಗಳು ಗೂಡು ಕಾಯುವುದರಿಂದ ಮಣ್ಣಿನ ದಿಬ್ಬಗಳ ಹತ್ತಿರ ಸುಳಿಯಬೇಡಿ.

ಒಣ ಹುಲ್ಲಿನ ದ್ವೀಪಗಳಲ್ಲಿ ಬೀಡಿ, ಸಿಗರೇಟು ಸೇದಲೇಬಾರದು. 2018ರ ಆಗಸ್ಟ್‌ನಲ್ಲಿ ಗಿಲಿ ಲಾವಾ ದ್ವೀಪದ ಹುಲ್ಲುಗಾವಲು ಬೆಂಕಿಗೆ ತುತ್ತಾಯಿತು.

ಹಂತ 10: ನೀರಿನಲ್ಲಿ

ಉಡಗಳ ಬಗ್ಗೆ ಎಲ್ಲರೂ ಭಯಪಡುತ್ತಾರೆ, ಸೆಳವಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಆದರೆ ಈ ಉದ್ಯಾನದಲ್ಲಿ ಪ್ರವಾಸಿಗರು ಗಾಬರಿಗೊಳ್ಳುವುದು ಹೆಚ್ಚಾಗಿ ನೀರಿನಲ್ಲಿಯೇ. ಶಾಂತ ಮಹಾಸಾಗರದ ಕಡೆಯಿಂದ ಹಿಂದೂ ಮಹಾಸಾಗರಕ್ಕೆ ಹರಿಯುವ ನೀರು ಈ ದ್ವೀಪಗಳ ನಡುವಿನ ಇಕ್ಕಟ್ಟಾದ ಜಲಸಂಧಿಗಳಲ್ಲಿ ನುಗ್ಗುತ್ತದೆ, ಅದರ ಮೇಲೆ ಭರತ ಮತ್ತು ಇಳಿತದ ಒತ್ತಡವೂ ಸೇರುತ್ತದೆ. ದಿಕ್ಕು ದಿನದಲ್ಲಿ ಹಲವು ಸಲ ಬದಲಾಗುತ್ತದೆ. ಬೆಳಿಗ್ಗೆ ಕೊಳದಂತಿದ್ದ ಸ್ಥಳವೇ ಮಧ್ಯಾಹ್ನ ಹೊಳೆಯಾಗಿ ಹರಿಯಬಹುದು.

ಇಳಿಯುವ ಮೊದಲು ಎರಡು ನಿಮಿಷ ನೀರನ್ನು ನೋಡಿ. ಮೇಲ್ಮೈಯಲ್ಲಿ ನೊರೆಯ ಗೆರೆ, ಸುಳಿ, ಗಾಳಿಯಿಲ್ಲದಿದ್ದರೂ ಏಳುವ ಕಿರುತೆರೆ, ಬಿಗಿದು ನಿಂತ ಲಂಗರಿನ ಹಗ್ಗ, ಒಂದೇ ಕಡೆಗೆ ಮುಖ ಮಾಡಿ ನಿಂತ ಮೀನುಗಳು ಸೆಳವಿನ ಗುರುತುಗಳು. ಮಾರ್ಗದರ್ಶಕರನ್ನು ಮೂರು ಪ್ರಶ್ನೆ ಕೇಳಿ: ಸೆಳವು ಯಾವ ಕಡೆಗಿದೆ, ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತೇವೆ, ಸಣ್ಣ ದೋಣಿ ಎಲ್ಲಿ ಕಾಯುತ್ತದೆ. ಸ್ಪಷ್ಟ ಉತ್ತರ ಬಾರದಿದ್ದರೆ ಇಳಿಯಬೇಡಿ. ಒಂದು ಸ್ಥಳವನ್ನು ಬಿಟ್ಟುಬಿಡುವುದರಿಂದ ಪ್ರವಾಸ ಕೆಡುವುದಿಲ್ಲ.

ಕರಾಂಗ್ ಮಕಾಸ್ಸಾರ್‌ನಲ್ಲಿ ಸೆಳವಿನೊಡನೆ ತೇಲುತ್ತಾ ಸಾಗುವುದೇ ಪದ್ಧತಿ. ಮೇಲಿನ ತುದಿಯಲ್ಲಿ ಇಳಿಸುತ್ತಾರೆ, ಸಣ್ಣ ದೋಣಿ ಹಿಂಬಾಲಿಸಿ ಕೆಳಗಿನ ತುದಿಯಲ್ಲಿ ಎತ್ತಿಕೊಳ್ಳುತ್ತದೆ. ಇಲ್ಲಿ ಈಜು ಬಲ್ಲವರು ಕೂಡ ಮಾಡುವ ತಪ್ಪೆಂದರೆ, ಮಾಂಟಾ ಕಂಡ ಕಡೆಗೆ ಸೆಳವಿಗೆ ಎದುರಾಗಿ ಈಜಿ ಸೋತುಹೋಗುವುದು. ಮಾಂಟಾವನ್ನು ಬೆನ್ನಟ್ಟಿದರೆ ಅದು ದೂರ ಸರಿಯುತ್ತದೆ. ಪಕ್ಕದಲ್ಲಿ, ಅಂತರವಿಟ್ಟು, ಅಲುಗಾಡದೆ ತೇಲಿದರೆ ತಾನಾಗಿಯೇ ಹತ್ತಿರ ಹಾದುಹೋಗುವ ಸಾಧ್ಯತೆ ಹೆಚ್ಚು. ಮುಟ್ಟುವುದು, ಅದರ ದಾರಿಗೆ ಅಡ್ಡ ಮುಳುಗುವುದು, ಹವಳದ ಮೇಲೆ ನಿಲ್ಲುವುದು ಮೂರೂ ಸಲ್ಲದು.

ಗುಂಪಿನಿಂದ ದೂರ ಸರಿದುಹೋದರೆ ಸೆಳವಿನೊಡನೆ ಹೋರಾಡಬೇಡಿ. ಲೈಫ್ ಜಾಕೆಟ್‌ನ ಆಸರೆಯಲ್ಲಿ ತೇಲಿ, ಕೈ ಎತ್ತಿ, ಸೀಟಿ ಊದಿ, ದೋಣಿ ಬರುವವರೆಗೆ ಉಸಿರನ್ನು ನಿಧಾನ ಮಾಡಿಕೊಳ್ಳಿ. ದಡ ಸಮೀಪವಿದ್ದರೆ ಸೆಳವಿಗೆ ಅಡ್ಡಲಾಗಿ ಓರೆಯಾಗಿ ಈಜಿ. ಈಜು ಬಂದರೂ ಲೈಫ್ ಜಾಕೆಟ್ ತೊಟ್ಟೇ ಇಳಿಯಿರಿ, ಯಾವಾಗಲೂ ಜೋಡಿಯಾಗಿ ಇಳಿಯಿರಿ. ಡೈವರ್‌ಗಳು ಕಡಿದಾದ ಹವಳಗೋಡೆಗಳ ಬಳಿ ಗುಳ್ಳೆಗಳು ಕೆಳಮುಖವಾಗಿ ಹೋಗುವುದನ್ನು ಕಂಡರೆ, ಅದು ಕೆಳಕ್ಕೆಳೆಯುವ ಸೆಳವು. ಕೂಡಲೇ ಗೋಡೆಯಿಂದ ದೂರ ಸರಿದು ಮಾರ್ಗದರ್ಶಕರ ಸನ್ನೆಯನ್ನು ಪಾಲಿಸಬೇಕು.

ಹಂತ 11: ಮರಳುವಾಗ

ಕೊನೆಯ ದಿನ ಹವೆ ಕೆಟ್ಟು ಕ್ಯಾಪ್ಟನ್ ಬೇಗ ಮರಳೋಣವೆಂದರೆ ವಾದಿಸಬೇಡಿ. ಉಳಿದ ಸ್ಥಳವನ್ನು ತೋರಿಸಲೇಬೇಕೆಂದು ಗುಂಪಾಗಿ ಒತ್ತಾಯಿಸುವ ಪ್ರಯಾಣಿಕರು ತಮ್ಮ ಜೊತೆಗೆ ಸಿಬ್ಬಂದಿಯ ಜೀವವನ್ನೂ ಅಪಾಯಕ್ಕೆ ಒಡ್ಡುತ್ತಾರೆ. ಪ್ಲಾಸ್ಟಿಕ್ ಕಸವನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿ ಪಟ್ಟಣಕ್ಕೆ ತನ್ನಿ. ಇಳಿಯುವ ಮೊದಲು ಭಕ್ಷೀಸನ್ನು ಅಡುಗೆಯವರು ಮತ್ತು ಸಣ್ಣ ದೋಣಿ ನಡೆಸಿದವರಿಗೂ ಹಂಚಿಕೆಯಾಗುವಂತೆ ಎಲ್ಲರ ಎದುರಿನಲ್ಲಿ ಕೊಡಿ. ಶುಲ್ಕದ ರಸೀದಿಗಳನ್ನು ವಿಮಾನ ಹತ್ತುವವರೆಗೆ ಜೋಪಾನವಾಗಿಡಿ. ಕಾಲಿಗೆ ಹವಳ ತಗುಲಿ ಗೀರಾಗಿದ್ದರೆ ಅದನ್ನು ಸಿಹಿನೀರು ಮತ್ತು ಸೋಪಿನಿಂದ ಚೆನ್ನಾಗಿ ಉಜ್ಜಿ ತೊಳೆದು ಔಷಧಿ ಹಚ್ಚಿ. ಎರಡು ದಿನಗಳಲ್ಲಿ ಅದು ಕೆಂಪೇರಿ ಊದಿಕೊಂಡರೆ, ಅಥವಾ ಊರಿಗೆ ಮರಳಿದ ನಂತರದ ವಾರಗಳಲ್ಲಿ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದಿರೆಂಬುದನ್ನು ಹೇಳಿ ವೈದ್ಯರಿಗೆ ತೋರಿಸಿ.